ನಮ್ಮೂರ ಪಕ್ಕದ ಛಾವಣಿಗೆ ಸಹಿ ಹಾಕದವರು

ಐದು ಜನ ಪ್ರಸಿದ್ಧ ಚಿತ್ರಕಾರರ ಹೆಸರು ಹೇಳಿ ನೋಡೋಣ. ಫೋನ್ ಕೈಯಲ್ಲೇ ಇದೆ ಅಂತ ಗೂಗಲ್ ಮಾಡಬೇಡಿ, ಬಾಯಿಗೆ ಬಂದದ್ದು ಹೇಳಿ.

ನಮ್ಮ ಆಫೀಸಿನ ಊಟದ ಟೇಬಲ್‌ನಲ್ಲಿ ಈ ಪ್ರಶ್ನೆ ಹಾಕಿದಾಗ ಬಂದ ಉತ್ತರ: ಡಾ ವಿಂಚಿ, ಮೈಕೆಲ್ಯಾಂಜೆಲೊ, ವ್ಯಾನ್ ಗೋ, ಪಿಕಾಸೊ, ರಾಜಾ ರವಿವರ್ಮ. ಹೆಸರಿನ ಬಾಲ ಹಿಡಿದು ಕಥೆಗಳೂ ಬಂದವು. ವ್ಯಾನ್ ಗೋ ಕಿವಿ ಕುಯ್ದುಕೊಂಡ. ಬದುಕಿದ್ದಾಗ ಅವನಿಗೆ ಗಿರಾಕಿಗಳೇ ಇರಲಿಲ್ಲ. ಮೈಕೆಲ್ಯಾಂಜೆಲೊ ನಾಲ್ಕು ವರ್ಷ ಕತ್ತು ಮೇಲೆತ್ತಿಕೊಂಡೇ ಚಾಪೆಲ್ಲಿನ ಛಾವಣಿ ಬರೆದ. ಸರಿ, ಆ ಛಾವಣಿಯಲ್ಲಿ ಏನೇನಿದೆ ಅಂದೆ. "ಬೆರಳಿಗೆ ಬೆರಳು ತಾಗಿಸೋದು ಒಂದಿದೆಯಲ್ಲ..." ಅನ್ನುವಲ್ಲಿಗೆ ಮಾತು ನಿಂತು, ಉಪ್ಪಿನಕಾಯಿ ಯಾರ ಡಬ್ಬಿಯಲ್ಲಿದೆ ಅನ್ನುವ ಕಡೆಗೆ ತಿರುಗಿತು.

ಚಿತ್ರಕಾರರ ಬದುಕು ನಮಗೆ ಚೆನ್ನಾಗಿ ಗೊತ್ತು. ಚಿತ್ರ ಅಷ್ಟಕ್ಕಷ್ಟೇ. ಇದರ ಪೂರ್ತಿ ಉಲ್ಟಾ ಇರುವ ಜಾಗವೊಂದು ನಮ್ಮ ಪಕ್ಕದಲ್ಲೇ ಇದೆ. ಗೌರಿಬಿದನೂರಿನಲ್ಲಿ ರೈಲು ಹತ್ತಿ ಹಿಂದೂಪುರದಲ್ಲಿ ಇಳಿದರೆ, ಅಲ್ಲಿಂದ ಬಸ್ಸಿನಲ್ಲಿ ಸುಮಾರು 15 ಕಿಲೋಮೀಟರ್. ಚಿಕ್ಕಬಳ್ಳಾಪುರದವರಾದರೆ ಹೈದರಾಬಾದ್ ಹೆದ್ದಾರಿ ಹಿಡಿದು, ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಿದರಾಯಿತು. ಲೇಪಾಕ್ಷಿ. ಆಂಧ್ರದಲ್ಲಿದೆ, ಆದರೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಅಂತ ಬೆಳೆದ ನಮ್ಮ ಕಡೆಯವರಿಗೆ ಗಡಿ ಅನ್ನೋದು ಬಸ್ಸಿನ ಬಣ್ಣ ಬದಲಾಗುವ ಜಾಗ ಅಷ್ಟೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಓದಿದವರು ಸ್ಕೂಲ್ ಟ್ರಿಪ್‌ನಲ್ಲಿ ಹೋಗಿಯೇ ಇರ್ತೀರಿ. ದೊಡ್ಡ ನಂದಿಯ ಮುಂದೆ ಗ್ರೂಪ್ ಫೋಟೊ, ನೇತಾಡುವ ಕಂಬದ ಕೆಳಗೆ ಟವೆಲ್ ತೂರಿಸೋದು, ಚಿತ್ರಾನ್ನ, ವಾಪಸ್. ತಲೆ ಎತ್ತಿ ನೋಡಿದವರು ಕಡಿಮೆ.

ಅದೇ ವರ್ಷಗಳು, ಎರಡು ಊರು

ವಿಜಯನಗರವನ್ನು ಅಚ್ಯುತದೇವರಾಯ ಆಳಿದ್ದು 1529ರಿಂದ 1542ರವರೆಗೆ. ಪೆನುಕೊಂಡೆ ಸೀಮೆಯಲ್ಲಿ ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಅನ್ನುವ ಅಣ್ಣತಮ್ಮಂದಿರು ಆ ಕಾಲದಲ್ಲಿ, ಆಮೆಯ ಬೆನ್ನಿನ ಹಾಗಿರುವ ಕೂರ್ಮಶೈಲ ಅನ್ನುವ ಬಂಡೆಯ ಮೇಲೆ ವೀರಭದ್ರನ ಗುಡಿ ಕಟ್ಟಿಸಿದರು. ಮಂಟಪದ ಛಾವಣಿಗಳಿಗೆ ಚಿತ್ರ ಬರೆಸಿದರು. ಶಿವನ ಬೇರೆಬೇರೆ ರೂಪಗಳು, ಪಾರ್ವತಿಯ ಮದುವೆ, ಕಿರಾತಾರ್ಜುನರ ಕಥೆ, ದ್ರೌಪದಿ ಸ್ವಯಂವರ, ಕರುವಿಗಾಗಿ ಹಸು ನ್ಯಾಯದ ಗಂಟೆ ಬಾರಿಸಿದ ಮನುನೀತಿ ಚೋಳನ ಕಥೆ, ಆಲದೆಲೆಯ ಮೇಲಿನ ಕೃಷ್ಣ.

ಅದೇ ಹೊತ್ತಿಗೆ, 1536ರಿಂದ 1541ರವರೆಗೆ, ರೋಮ್‌ನಲ್ಲಿ ಮೈಕೆಲ್ಯಾಂಜೆಲೊ ಸಿಸ್ಟೀನ್ ಚಾಪೆಲ್‌ನ ಗೋಡೆಯ ಮೇಲೆ 'ಕೊನೆಯ ತೀರ್ಪು' ಬರೀತಿದ್ದ. ಛಾವಣಿ ಬರೆದು ಮುಗಿಸಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಅಂದರೆ ಕಾಲದ ಲೆಕ್ಕದಲ್ಲಿ ಲೇಪಾಕ್ಷಿಯ ಚಿತ್ರಗಾರರೂ ಅವನೂ ಸಹೋದ್ಯೋಗಿಗಳು. ಇಬ್ಬರಿಗೂ ಕತ್ತು ನೋವು ಬಂದಿರಬೇಕು. ಮೈಕೆಲ್ಯಾಂಜೆಲೊಗೆ ಬಂದಿದ್ದು ನಮಗೆ ಹೇಗೆ ಗೊತ್ತು ಅಂದರೆ, ಅವನು ಅದರ ಮೇಲೆ ಪದ್ಯವನ್ನೇ ಬರೆದಿಟ್ಟ.

ಅದಲ್ಲದೆ ಅವನಿಗೆ ಜಾರ್ಜಿಯೊ ವಸಾರಿ ಸಿಕ್ಕಿದ. ವಸಾರಿ ತಾನೂ ಚಿತ್ರಕಾರ. ಆದರೆ ಅವನು ಉಳಿದಿರೋದು 1550ರಲ್ಲಿ ಅಚ್ಚಾದ ಪುಸ್ತಕದಿಂದ. ಇಟಲಿಯ ಚಿತ್ರಕಾರರು, ಶಿಲ್ಪಿಗಳು, ಕಟ್ಟಡ ಕಟ್ಟಿದವರು, ಒಬ್ಬೊಬ್ಬರದ್ದೂ ಬದುಕಿನ ಕಥೆ. ಯಾರ ಹತ್ತಿರ ಕಲಿತ, ಯಾರ ಜೊತೆ ಜಗಳ ಆಡಿದ, ಎಷ್ಟು ಜಿಪುಣ, ಎಲ್ಲಾ. ಕೆಲವು ಕಡೆ ಒಗ್ಗರಣೆ ಜಾಸ್ತಿಯೇ ಇದೆ ಅಂತ ತಿಳಿದವರು ಹೇಳ್ತಾರೆ. ಇರಲಿ. ಇವತ್ತು ನಾವು ಊಟದ ಟೇಬಲ್‌ನಲ್ಲಿ ಹೇಳುವ 'ಕಲಾವಿದನ ಕಥೆ' ಅನ್ನುವ ಅಚ್ಚು ತಯಾರಾಗಿದ್ದು ಅಲ್ಲಿ.

ಲೇಪಾಕ್ಷಿಯವರಿಗೆ ವಸಾರಿ ಸಿಗಲಿಲ್ಲ. ಹೆಸರಿಲ್ಲ. ಎಲ್ಲಿಯವರು, ಎಷ್ಟು ಜನ, ಕೂಲಿ ದುಡ್ಡಿನಲ್ಲಿ ಸಿಕ್ಕಿತೋ ರಾಗಿಯಲ್ಲೋ, ಒಂದೂ ಇಲ್ಲ. ಗುಡಿಯಲ್ಲಿ ಕನ್ನಡ ಶಾಸನಗಳಿವೆ, ದಾನದ ವಿವರಗಳಿವೆ. ಬರೆದವರ ವಿವರ ಇಲ್ಲ. ಬದುಕು ಪೂರ್ತಿ ಅಳಿಸಿಹೋಗಿ ಶೈಲಿ ಮಾತ್ರ ಉಳಿದಿರುವ ಚಿತ್ರಕಾರರು ಅವರು.

ಹಾಗಾದರೆ ಶೈಲಿಯಿಂದಲೇ ಅವರ ಪರಿಚಯ ಮಾಡಿಕೊಳ್ಳಬಹುದಾ? ಬಹುದು ಅಂತ ನನಗೆ ತೋರಿಸಿದ್ದು ನಮ್ಮ ಮಾಮ.

ಮಾಮ ಕಂಡ ಎರಡು ಕೈ

ನಮ್ಮ ಸೋದರಮಾವ ಚಿಂತಾಮಣಿಯಲ್ಲಿ ಬೋರ್ಡ್ ಬರೀತಿದ್ದವರು. ನಮ್ಮ ಕಡೆ ಬೋರ್ಡ್ 'ಪೇಂಟ್ ಮಾಡೋದು' ಅನ್ನಲ್ಲ, 'ಬರೆಯೋದು' ಅಂತಾರೆ. ಬಟ್ಟೆ ಅಂಗಡಿ, ಮಿಲಿಟರಿ ಹೋಟೆಲ್ಲು, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮಾಡುವವರ ಗೋಡೆ, ಲಾರಿ ಹಿಂದಿನ ಹುಲಿ, ಎಲೆಕ್ಷನ್ ಬಂದರೆ ಊರೂರಿನ ಗೋಡೆಗೆ ಚಿಹ್ನೆ. ಈಗ ಅರವತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತೆ. ಕಳೆದ ಜನವರಿಯಲ್ಲಿ ಒಂದು ಭಾನುವಾರ ಅವರನ್ನು ಲೇಪಾಕ್ಷಿಗೆ ಕರಕೊಂಡು ಹೋದೆ.

ನಾನು ಡಿಸೈನ್ ಓದಿದವಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಮೊಬೈಲ್ ಆ್ಯಪ್‌ಗಳಿಗೆ ಪರದೆ, ಐಕಾನ್ ಮಾಡೋದು ನನ್ನ ಕೆಲಸ. ಸಂಯೋಜನೆ, ಲಯ ಅಂತ ನಾನು ಶುರು ಮಾಡುವಷ್ಟರಲ್ಲಿ ಮಾಮ ಕೇಳಿದ್ದು: "ಸಾರುವೆ ಎಲ್ಲಿ ಕಟ್ಟಿದ್ರು?" ಆಮೇಲೆ: "ಈ ಕತ್ತಲಲ್ಲಿ ಹೆಂಗೆ ಬರೆದ್ರು ಕಣಮ್ಮ? ದೀಪದ ಹೊಗೆ ಹಿಡಿದ್ರೆ ಬಣ್ಣ ಹಾಳು. ಹೊರಗಡೆಯಿಂದ ಕನ್ನಡಿ ಹಿಡಿದು ಬಿಸಿಲು ತಿರುಗಿಸಿರಬೇಕು." ಅದು ಅವರ ಊಹೆ. ಆದರೆ ಚಿತ್ರದ ಬಗ್ಗೆ ಓದಿದ ಯಾವ ಪುಟದಲ್ಲೂ ನನಗೆ ಆ ಪ್ರಶ್ನೆ ಹುಟ್ಟಿರಲಿಲ್ಲ.

ತಲೆ ಮೇಲೆ ಬರೆಯುವ ಕಷ್ಟ ಅವರಿಗೆ ಗೊತ್ತು. ಸಿನಿಮಾ ಟೆಂಟಿಗೂ ಮದುವೆ ಛತ್ರಕ್ಕೂ ಬರೆದವರು. ಬ್ರಷ್‌ನಲ್ಲಿ ಬಣ್ಣ ಜಾಸ್ತಿಯಾದರೆ ಮೊಣಕೈಗೆ ಇಳಿಯುತ್ತೆ, ಕಡಿಮೆಯಾದರೆ ಗೆರೆ ನಡುವಲ್ಲಿ ಹರಿದುಹೋಗುತ್ತೆ. ಪಾರ್ವತಿಯ ಸಖಿಯರ ಸಾಲಿನ ಕೆಳಗೆ ನಿಂತು ಒಂದು ಮುಖವನ್ನು ತೋರಿಸಿದರು. ಹಣೆಯಿಂದ ಮೂಗು, ಮೂಗಿನಿಂದ ತುಟಿ, ಗದ್ದ, ಒಂದೇ ಎಳೆತ. ಕೈ ಎತ್ತಿಲ್ಲ. ಪಕ್ಕದ ಮುಖದಲ್ಲಿ ಅದೇ ಗೆರೆ ಮೂಗಿನ ತುದಿಯಲ್ಲಿ ನಿಂತು ಮತ್ತೆ ಹೊರಟಿದೆ.

"ಇಕ್ಕಡ ರೆಂಡು ಚೇತುಲು ಉನ್ನಾಯಮ್ಮಾ" ಅಂದರು. ಇಲ್ಲಿ ಎರಡು ಕೈ ಇವೆ.

ಆಮೇಲೆ ಒಂದು ಗಂಟೆ ನಾವು ಮಾಡಿದ್ದು ಅದೇ. ಇದು ಯಾರ ಕೈ, ಅದು ಯಾರ ಕೈ. ಅಂಚಿನ ಹೂಬಳ್ಳಿ ಪಟ್ಟಿ ಕಲಿಯುವ ಹುಡುಗರದ್ದು ಅಂತ ಅವರ ತೀರ್ಪು. ಶುರುವಿನಲ್ಲಿ ಹೂವಿನ ಅಳತೆ ಸರಿಯಾಗಿದೆ, ಮೂಲೆ ಹತ್ತಿರ ಬಂದಾಗ ಜಾಗ ಸಾಲದೆ ಹೂ ಸಣ್ಣಗಾಗಿವೆ. "ನಾವೂ ಹುಡುಗರಿಗೆ ಮೊದಲು ಬಾರ್ಡರ್ರೇ ಕೊಡ್ತಿದ್ವಿ" ಅಂದರು. ಸೀರೆಯ ವಿನ್ಯಾಸ ತುಂಬಿದವನು ಬೇರೆಯವನು, ಅವನಿಗೆ ತಾಳ್ಮೆ ಜಾಸ್ತಿ. ಒಬ್ಬಳು ಉಟ್ಟ ಸೀರೆ ಇನ್ನೊಬ್ಬಳು ಉಟ್ಟಿಲ್ಲ. ಚೌಕಳಿ, ಗೀಟು, ಚುಕ್ಕಿ, ಹೂ, ಏನೇನೋ. ಮುಖ ಮತ್ತು ಕೈಬೆರಳು ಮೇಸ್ತ್ರಿಯದ್ದು. ಅದನ್ನು ಮೇಸ್ತ್ರಿ ಯಾರಿಗೂ ಬಿಟ್ಟುಕೊಡಲ್ಲ.

ಮಾಮ ಹೀಗೆ ಹೇಳಿದ್ದನ್ನು ಚರಿತ್ರೆಯೂ ಬೇರೆ ಕಡೆ ಹೇಳುತ್ತೆ. ಲೇಪಾಕ್ಷಿಯಾದ ಕೆಲವೇ ದಶಕಗಳಿಗೆ ಅಕ್ಬರನ ಚಿತ್ರಶಾಲೆಯಲ್ಲಿ ಒಂದೇ ಪುಟವನ್ನು ಹಲವರು ಸೇರಿ ಮಾಡ್ತಿದ್ದರು. ಗೆರೆ ಒಬ್ಬನದು, ಬಣ್ಣ ಇನ್ನೊಬ್ಬನದು, ಮುಖ ಬರೆಯಲು ಬೇರೆ ಪರಿಣತ. ಅಲ್ಲಿನ ಗುಮಾಸ್ತರು ಪುಟದ ಅಂಚಿನಲ್ಲಿ ಯಾರದ್ದು ಏನು ಅಂತ ಬರೆದಿಟ್ಟರು, ಹಾಗಾಗಿ ದಸ್ವಂತ್, ಬಸಾವನ್ ಅನ್ನುವ ಹೆಸರುಗಳು ಉಳಿದವು. ನಮ್ಮಲ್ಲಿ ಆ ಗುಮಾಸ್ತ ಇರಲಿಲ್ಲ.

ನೀವು ಹೋದಾಗ ಏನು ನೋಡಬೇಕು? ಮೊದಲು ಕಣ್ಣು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಎದುರಿನಿಂದ ನೋಡಿದ ಹಾಗೆ ಪೂರ್ತಿ, ಮೀನಿನಂತೆ ಉದ್ದ. ಮೂಗು, ಗದ್ದ ಚೂಪು. ಗಂಡಸರ ತಲೆ ಮೇಲೆ ಉದ್ದನೆಯ ಕುಲಾವಿ, ವಿಜಯನಗರದ ಆಸ್ಥಾನದ ಫ್ಯಾಷನ್. ಹೆಂಗಸರ ತುರುಬು ದೊಡ್ಡದು, ಸೀರೆಯ ನೆರಿಗೆ ಬಾಣದ ತುದಿಯಂತೆ ಹೊರಗೆ ಚಾಚಿದೆ. ನೆರಳಿಲ್ಲ, ದೂರ-ಹತ್ತಿರದ ಆಳ ಇಲ್ಲ. ಎಲ್ಲರೂ ಒಂದೇ ಪರದೆಯ ಮೇಲೆ, ತೊಗಲುಗೊಂಬೆಯ ಹಾಗೆ. ಕಲ್ಲಿನ ಮೇಲೆ ಸುಣ್ಣದ ಗಾರೆ ಬಳಿದು ಅದರ ಮೇಲೆ ಬರೆದದ್ದು. ಕೆಮ್ಮಣ್ಣಿನ ಕೆಂಪು, ಕಾವಿ ಹಳದಿ, ಕಾಡಿಗೆಯಂಥ ಕಪ್ಪು, ಸುಣ್ಣದ ಬಿಳಿ, ಒಂದಷ್ಟು ಹಸಿರು. ಇಷ್ಟೇ ಡಬ್ಬಿ. ಕೊನೆಯಲ್ಲಿ ಎಲ್ಲದರ ಸುತ್ತ ಗಟ್ಟಿ ಕಪ್ಪು ಗೆರೆ.

ನನ್ನ ಕೆಲಸದಲ್ಲಿ ಎಷ್ಟು ಲಕ್ಷ ಬಣ್ಣ ಬೇಕಾದರೂ ಒಂದು ಕ್ಲಿಕ್‌ನಲ್ಲಿ ಸಿಗುತ್ತೆ. ಐದಾರು ಬಣ್ಣದಲ್ಲಿ ಇಷ್ಟೊಂದು ಜನರನ್ನು ಒಬ್ಬರಿಗೊಬ್ಬರು ಅಂಟದ ಹಾಗೆ ನಿಲ್ಲಿಸೋದು ಎಷ್ಟು ಕಷ್ಟ ಅಂತ ಡಿಸೈನರ್‌ಗಳಿಗೆ ಬೇಗ ಅರ್ಥ ಆಗುತ್ತೆ.

ದುಡ್ಡು ಕೊಟ್ಟವರು ಉಳಿದರು

ಅಲ್ಲಿ ಮುಖ ಸಮೇತ ಉಳಿದಿರುವ ಮನುಷ್ಯರು ಇದ್ದಾರೆ. ವೀರಭದ್ರನ ಆ ಭಾರೀ ಚಿತ್ರದ ಕಾಲ ಹತ್ತಿರ ಕೈಮುಗಿದು ನಿಂತವರು ವಿರೂಪಣ್ಣ, ವೀರಣ್ಣ. ಕಟ್ಟಿಸಿದವರು.

ವಿರೂಪಣ್ಣನದ್ದು ಕಥೆಯೂ ಉಳಿದಿದೆ. ರಾಜನ ಬೊಕ್ಕಸದ ದುಡ್ಡನ್ನು ಗುಡಿಗೆ ಸುರಿದ, ರಾಜ ಸಿಟ್ಟಾಗಿ ಕಣ್ಣು ಕೀಳಿಸಿ ಅಂದ, ಇವನು ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದ ಅಂತ. ಅರ್ಧಕ್ಕೆ ನಿಂತ ಕಲ್ಯಾಣ ಮಂಟಪದ ಹತ್ತಿರದ ಗೋಡೆಯಲ್ಲಿ ಎರಡು ಕೆಂಪು ಕಲೆ ತೋರಿಸ್ತಾರೆ. ಈ ಕಣ್ಣಿಗೂ ಊರಿನ ಹೆಸರಿಗೂ ಗಂಟು ಹಾಕುವವರಿದ್ದಾರೆ. ನಾವು ಹೋದ ದಿನ ಆ ಕಲೆಯ ಮುಂದೆ ಕ್ಯೂ ಇತ್ತು. ಪಾರ್ವತಿಯ ಕೆಳಗೆ ನಾವಿಬ್ಬರೇ.

"ಹಿಂದಿನ ಕಾಲದ ಕಲಾವಿದರು ಎಲ್ಲಾ ದೇವರಿಗೆ ಅರ್ಪಿಸ್ತಿದ್ದರು, ಹೆಸರಿನ ಆಸೆ ಇರಲಿಲ್ಲ" ಅನ್ನೋ ಮಾತು ನೀವೂ ಕೇಳಿರ್ತೀರಿ. ಚೆನ್ನಾಗಿರುವ ಮಾತು, ನನಗೆ ನಂಬಿಕೆ ಇಲ್ಲ. ಲೇಪಾಕ್ಷಿಗಿಂತ ನಾನೂರು ವರ್ಷ ಮೊದಲು, 1117ರ ಬೇಲೂರಿನ ಗುಡಿಯಲ್ಲಿ, ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಕನ್ನಡದಲ್ಲಿ ಹೆಸರು ಕೆತ್ತಿದ್ದಾರೆ. ಮುಂದಿನ ಶತಮಾನದ ಮಲ್ಲಿತಮ್ಮ ಸೋಮನಾಥಪುರದಲ್ಲಿ ಹೆಸರು ಹಾಕಿದ್ದಾನೆ. ಇವರಿಗೆ ಭಕ್ತಿ ಕಡಿಮೆ ಇತ್ತಾ? ಅತ್ತ ಮೈಕೆಲ್ಯಾಂಜೆಲೊ ಕೂಡ ತನ್ನ 'ಪಿಯೆಟಾ' ಶಿಲ್ಪವನ್ನು ಯಾರೋ ಬೇರೆಯವರ ಕೆಲಸ ಅಂದದ್ದು ಕಿವಿಗೆ ಬಿದ್ದು, ರಾತ್ರಿ ಹೋಗಿ ಮೇರಿಯ ಎದೆ ಮೇಲಿನ ಪಟ್ಟಿಯಲ್ಲಿ ಹೆಸರು ಕೆತ್ತಿ ಬಂದ ಅಂತ ವಸಾರಿ ಬರೀತಾನೆ. ರಾತ್ರಿಯ ಕಥೆ ಒಗ್ಗರಣೆಯೇ ಇರಬಹುದು. ಹೆಸರಂತೂ ಅಲ್ಲಿದೆ.

ಹೆಸರು ಹಾಕುವ ಆಸೆ ಎಲ್ಲಾ ಕಾಲದಲ್ಲೂ ಇತ್ತು. ಕಲ್ಲು ಕೆತ್ತುವವನ ಕೈಯಲ್ಲಿ ಉಳಿ ಇರುತ್ತೆ, ಅವನು ಬರೆದದ್ದು ಹೋಗಲ್ಲ. ಗಾರೆಯ ಮೇಲೆ ಬರೆದದ್ದು ಗಾರೆ ಉದುರಿದರೆ ಅದರ ಜೊತೆಗೇ ಉದುರುತ್ತೆ, ಲೇಪಾಕ್ಷಿಯಲ್ಲಿ ಹಲವು ಕಡೆ ಉದುರಿದೆ. ಆ ಬಿದ್ದ ತುಂಡುಗಳಲ್ಲಿ ಯಾವುದೋ ಮೂಲೆಯಲ್ಲಿ ಒಂದು ಹೆಸರಿತ್ತು ಅಂತ ಅಂದುಕೊಳ್ಳೋಕೆ ನನಗೆ ಇಷ್ಟ. ಪುರಾವೆ ಇಲ್ಲ, ಇಷ್ಟ ಅಷ್ಟೆ.

ರೈಲಿನ ಇನ್ನೊಂದು ತುದಿ

ಹಿಂದೂಪುರದಿಂದ ಬರುವ ರೈಲು ವಿದುರಾಶ್ವತ್ಥ, ಗೌರಿಬಿದನೂರು, ತೊಂಡೇಬಾವಿ, ಮಾಕಳಿದುರ್ಗ, ದೊಡ್ಡಬಳ್ಳಾಪುರ ದಾಟಿ ಯಲಹಂಕ, ಬೆಂಗಳೂರು ಸೇರುತ್ತೆ. ಪ್ರತಿ ಸೋಮವಾರ ಬೆಳಗ್ಗೆ ನಾನು ಹೋಗೋದು ಅದರಲ್ಲೇ. ಬೆಂಗಳೂರಿನ ತುದಿಯಲ್ಲಿ, ಕಸ್ತೂರಬಾ ರಸ್ತೆಯಲ್ಲಿ, ಮ್ಯೂಸಿಯಂ ಪಕ್ಕ ವೆಂಕಟಪ್ಪ ಚಿತ್ರಶಾಲೆ ಇದೆ. ಲೇಪಾಕ್ಷಿಯವರಿಗೆ ಸಿಗದಿದ್ದ ಹೆಸರು ಇಲ್ಲಿ ಇಡೀ ಕಟ್ಟಡದ ಮೇಲಿದೆ. ಅದೂ ಸುಮ್ಮನೆ ಬಂದದ್ದಲ್ಲ.

ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರಿನ ಆಸ್ಥಾನ ಚಿತ್ರಗಾರರ ಮನೆಯಲ್ಲಿ. ತಮ್ಮ ಹಿರಿಯರು ವಿಜಯನಗರದ ಆಸ್ಥಾನದಲ್ಲಿದ್ದವರು ಅನ್ನೋದು ಆ ಮನೆತನದ ನಂಬಿಕೆ. 1565ರಲ್ಲಿ ಆ ರಾಜಧಾನಿ ಬಿದ್ದ ಮೇಲೆ ಚಿತ್ರಗಾರರ ಕುಟುಂಬಗಳು ದಿಕ್ಕುದಿಕ್ಕಿಗೆ ಹೋದವು, ಕೆಲವು ಶ್ರೀರಂಗಪಟ್ಟಣ, ಮೈಸೂರಿನ ಕಡೆ ಬಂದವು. ಹಾಗಾಗಿ ಲೇಪಾಕ್ಷಿಯ ಹೆಸರಿಲ್ಲದವರಿಗೂ ವೆಂಕಟಪ್ಪನವರಿಗೂ ಕಸುಬಿನ ನಂಟು ಇದೆ ಅಂತ ಹೇಳಬಹುದು. ರಕ್ತದ ನಂಟು ಯಾರಿಗೆ ಗೊತ್ತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋದರು. ಗುರು ಅವನೀಂದ್ರನಾಥ ಟ್ಯಾಗೋರ್, ಜೊತೆಗೆ ಕಲಿತವರಲ್ಲಿ ನಂದಲಾಲ್ ಬೋಸ್. ಚಿತ್ರವನ್ನು ಮತ್ತೆಮತ್ತೆ ನೀರಿನಲ್ಲಿ ತೋಯಿಸಿ ಬಣ್ಣದ ಮೇಲೆ ಬಣ್ಣ ಹಾಯಿಸುವ, ಎಲ್ಲವೂ ಮಂಜಿನಲ್ಲಿ ಇದ್ದಂತೆ ಕಾಣುವ ಬಂಗಾಳದ ಶೈಲಿ ಅದು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಸೇರಿ ಬರೆದ, 1913ರಲ್ಲಿ ಬಂದ ಭಾರತದ ಪುರಾಣಕಥೆಗಳ ಪುಸ್ತಕದಲ್ಲಿ ವೆಂಕಟಪ್ಪನವರ ರಾಮಾಯಣ ಚಿತ್ರಗಳಿವೆ. ಕೆಳಗೆ ಹೆಸರೂ ಇದೆ. ಆಸ್ಥಾನ ಚಿತ್ರಗಾರರ ಮನೆಯ ಹುಡುಗನಿಗೆ ಅದು ಸಣ್ಣ ಸಂಗತಿ ಆಗಿರಲಾರದು.

ವಾಪಸ್ ಬಂದ ಮೇಲೆ ಅವರ ದಾರಿಯೇ ಬೇರೆಯಾಯಿತು. ಊಟಿಯ ಬೆಟ್ಟಗಳ ಜಲವರ್ಣ ನೋಡಿ. ಕಲ್ಕತ್ತೆಯ ಕನಸಿನ ಮಂಜು ಹೋಗಿ ನಿಜವಾದ ಮಂಜು ಬಂದಿದೆ. ಒಂದು ಹೊತ್ತಿನ ಬೆಳಕು, ಒಂದು ಇಳಿಜಾರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಆ ಹುಚ್ಚು ಎಷ್ಟು ಹಿಡಿಯಿತು ಅಂದರೆ ಚಿತ್ರ ಮತ್ತು ವೀಣೆಯ ನಡುವ ತಾನು ಸಿಕ್ಕಿಕೊಂಡದ್ದನ್ನೇ ಒಂದು ಚಿತ್ರವಾಗಿ ಬರೆದರು. ಮದುವೆಯಾಗಲಿಲ್ಲ. ಅರಮನೆಗಾಗಿ ಪ್ಲಾಸ್ಟರ್‌ನಲ್ಲಿ ಉಬ್ಬುಚಿತ್ರಗಳನ್ನು ಮಾಡಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಸಂಬಂಧ ಹಳಸಿ, ಸಂಭಾವನೆಯ ವಿಚಾರ ಕೋರ್ಟು ಮೆಟ್ಟಿಲು ಹತ್ತಿತು.

ಆ ಕೋರ್ಟು ಕೇಸನ್ನು ವೆಂಕಟಪ್ಪನವರ ಹಟಮಾರಿತನದ ಉದಾಹರಣೆಯಾಗಿ ಹೇಳುವವರಿದ್ದಾರೆ. ಹಟಮಾರಿ ಇದ್ದಿರಬಹುದು. ನನಗೆ ಮಾತ್ರ ಅದು ಬೇರೆ ಥರ ಕಾಣುತ್ತೆ. ಲೇಪಾಕ್ಷಿಯ ಕಾಲದಿಂದ ಬಂದ ಕಸುಬಿನ ಒಬ್ಬ ಮನುಷ್ಯ ಅರಮನೆಗೆ 'ನನ್ನ ಕೆಲಸಕ್ಕೆ ಬೆಲೆ ಇಷ್ಟು, ಕೊಡಿ' ಅಂತ ಕೋರ್ಟಿನಲ್ಲಿ ನಿಂತು ಕೇಳಿದ. ಇನ್‌ವಾಯ್ಸ್ ಕಳಿಸಿ ಮೂರು ತಿಂಗಳು ಕಾಯುವ ಫ್ರೀಲಾನ್ಸ್ ಗೆಳೆಯರು ಯಾರಾದರೂ ಇದ್ದರೆ ಈ ಪ್ಯಾರಾ ಅವರಿಗೆ ಕಳಿಸಿ.

ವೆಂಕಟಪ್ಪ 1965ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಗೇಟಿನ ಮುಂದೆ ಬಂದು ಪ್ರತಿಭಟಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ದಾರಿ ನಡುವೆ ದೊಡ್ಡಬಳ್ಳಾಪುರ

ಅದೇ ರೈಲು ಹಾದು ಬರುವ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ರುಮಾಲೆ ಚನ್ನಬಸವಯ್ಯ ಹುಟ್ಟಿದರು. ಚಿತ್ರಕಲೆ ಕಲಿಯುತ್ತಿದ್ದ ಹುಡುಗ ಸ್ವಾತಂತ್ರ್ಯ ಚಳವಳಿಗೆ ಇಳಿದರು, ಸೇವಾದಳ ಕಟ್ಟಿದರು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಕಾಲ ಅದು. ಚಿತ್ರ ಬರೀತಾ ಕೂರೋಕೆ ಆಗದ ಕಾಲ. ಸ್ವಾತಂತ್ರ್ಯ ಬಂದ ಮೇಲೂ ಪುರುಸೊತ್ತು ಇರಲಿಲ್ಲ. 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿಗೂ ಹೋದರು.

ಪೂರ್ತಿಯಾಗಿ ಚಿತ್ರಕ್ಕೆ ಮರಳಿದ್ದು 1960ರ ದಶಕದಲ್ಲಿ. ಐವತ್ತು ದಾಟಿದ್ದ ಮನುಷ್ಯ ರಾಜಕೀಯ ಬಿಟ್ಟು, ಬಣ್ಣದ ಪೆಟ್ಟಿಗೆ ಹಿಡಿದು ಬೆಂಗಳೂರಿನ ಮರಗಳ ಮುಂದೆ ಹೋಗಿ ಕೂತರು. ಗುಲ್‌ಮೊಹರ್, ಜಕರಂಡ, ಟಬೂಬಿಯಾ, ಹೂಬಿಟ್ಟ ಮರ ಕಂಡಲ್ಲೆಲ್ಲಾ. ನೀರಿನ ಬಣ್ಣವನ್ನು ತೆಳ್ಳಗೆ ಹರಿಯಬಿಡದೆ ಸಣ್ಣಸಣ್ಣ ಗೀಟು, ಚುಕ್ಕಿಗಳಾಗಿ ಒತ್ತೊತ್ತಾಗಿ ಇಡುತ್ತಾ ಹೋಗ್ತಾರೆ. ಹತ್ತಿರದಿಂದ ನೋಡಿದರೆ ಬರೀ ಚುಕ್ಕಿ, ಎರಡು ಹೆಜ್ಜೆ ಹಿಂದೆ ಬಂದರೆ ಏಪ್ರಿಲ್ ತಿಂಗಳ ಬಿಸಿಲು. ವ್ಯಾನ್ ಗೋ ಜೊತೆ ಹೋಲಿಸುವವರಿದ್ದಾರೆ. ನನಗೆ ಆ ಹೋಲಿಕೆ ಅರ್ಧ ಮಾತ್ರ ಒಪ್ಪಿಗೆ. ವ್ಯಾನ್ ಗೋನ ಮರಗಳು ಚಡಪಡಿಸುತ್ತವೆ, ರುಮಾಲೆಯವರ ಮರಗಳು ರಜೆಯಲ್ಲಿರುತ್ತವೆ. 1988ರಲ್ಲಿ ತೀರಿಕೊಳ್ಳುವವರೆಗೆ ಅವರು ಬರೆದ ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಆ ಮರಗಳು ಈಗ ಇಲ್ಲ, ಚಿತ್ರದಲ್ಲಿವೆ.

ಬೀದಿಯಲ್ಲಿ ರುಮಾಲೆ ಅಂದರೆ ಯಾರು ಅಂತ ಕೇಳಿ. ವ್ಯಾನ್ ಗೋನ ಕಿವಿ ಗೊತ್ತಿರುವವರಿಗೂ ನಮ್ಮ ಪಕ್ಕದ ತಾಲ್ಲೂಕಿನ, ಐವತ್ತರ ಮೇಲೆ ವೃತ್ತಿ ಬದಲಿಸಿದ ಈ ಮನುಷ್ಯ ಗೊತ್ತಿಲ್ಲ. ಹೆಸರು ಇದ್ದರೆ ಸಾಲದು, ಆ ಹೆಸರನ್ನು ಹೇಳುವ ಬಾಯಿಗಳೂ ಬೇಕು. ವಸಾರಿ ಮಾಡಿದ್ದು ಅದನ್ನೇ.

ಮೂಲೆಯಲ್ಲಿ ಒಂದು ಹೆಸರು

ಮಾಮ ತಾನು ಬರೆದ ಪ್ರತಿ ಬೋರ್ಡಿನ ಕೆಳಗೆ, ಬಲ ಮೂಲೆಯಲ್ಲಿ, ಬೆರಳುದ್ದದ ಅಕ್ಷರದಲ್ಲಿ ತನ್ನ ಹೆಸರು, ಪಕ್ಕದಲ್ಲಿ 'ಆರ್ಟ್ಸ್', ಆಮೇಲೆ 'ಚಿಂತಾಮಣಿ' ಅಂತ ಬರೀತಿದ್ದರು. ಎಲ್ಲಾ ಊರಲ್ಲೂ ಬೋರ್ಡ್ ಬರೆಯುವವರು ಹಾಗೇ ಮಾಡ್ತಿದ್ದರು. ಅಂಗಡಿಯವರು ಬೇಡ ಅನ್ನಲ್ಲ, ಇನ್ನೊಬ್ಬ ಗಿರಾಕಿ ಅದನ್ನು ನೋಡಿ ಬರ್ತಾನೆ. ಒಂದು ಕಡೆ ಒಬ್ಬ ಸಾಹುಕಾರ ಹೆಸರು ಅಳಿಸು ಅಂದಿದ್ದಕ್ಕೆ ಮಾಮ ಕೂಲಿ ಬಿಟ್ಟು ಏಣಿ ಹೆಗಲಿಗೇರಿಸಿ ಬಂದರಂತೆ. ಅತ್ತೆ ಅದನ್ನು ಇವತ್ತಿಗೂ ಬೈಗುಳವಾಗಿ ಹೇಳ್ತಾರೆ.

ಆಮೇಲೆ ಫ್ಲೆಕ್ಸ್ ಬಂತು. ಬೆಳಗ್ಗೆ ಹೇಳಿದರೆ ಸಂಜೆ ಸಿಗುತ್ತೆ, ಫೋಟೊ ಸಮೇತ. ಅದನ್ನು ಕಂಪ್ಯೂಟರಿನಲ್ಲಿ ಕೂತು ಮಾಡಿದ ಹುಡುಗ ಯಾರೋ. ಮೂಲೆಯಲ್ಲಿ ಪ್ರಿಂಟ್ ಹಾಕಿದ ಅಂಗಡಿಯ ಫೋನ್ ನಂಬರ್ ಇರುತ್ತೆ ಅಷ್ಟೆ. ನನ್ನದೂ ಅದೇ ಕಥೆ ಅನ್ನಿ. ನಾನು ಮಾಡಿದ ಐಕಾನ್‌ಗಳ ಮೇಲೆ ದಿನಾ ಎಷ್ಟು ಬೆರಳು ಬೀಳುತ್ತವೋ ಲೆಕ್ಕ ಇಲ್ಲ, ನನ್ನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಸಂಬಳ ಬರುತ್ತೆ, ದೂರಲ್ಲ. ಆದರೆ ಲೇಪಾಕ್ಷಿಯಿಂದ ಬರುವಾಗ ಬಸ್ಸಿನಲ್ಲಿ ಮಾಮ "ನಿನ್ನ ಕೆಲಸದಲ್ಲಿ ಹೆಸರು ಎಲ್ಲಿ ಹಾಕ್ತೀಯ?" ಅಂದಾಗ ಉತ್ತರ ಹುಡುಕಬೇಕಾಯಿತು. ಹಾಕಲ್ಲ ಮಾಮ ಅಂದೆ. "ಒಂದು ಚುಕ್ಕಿಯಾದ್ರೂ ಇಡು" ಅಂದರು.

ಫೆಬ್ರವರಿಯಲ್ಲಿ ನಾವಿಬ್ಬರೂ ಸ್ಕೂಟರಿನಲ್ಲಿ ಚಿಂತಾಮಣಿ, ಶಿಡ್ಲಘಟ್ಟ ಸುತ್ತಿದೆವು. ಉಳಿದಿರುವ ಬೋರ್ಡುಗಳ ಫೋಟೊ ತೆಗೆಯೋಣ ಅಂತ. ಏಳು ಸಿಕ್ಕವು. ಒಂದು ಅಂಗಡಿಯ ಫ್ಲೆಕ್ಸ್ ಗಾಳಿಗೆ ಹರಿದು, ಹಿಂದೆ ಮಾಮ ಬರೆದ ಹಳದಿ ಅಕ್ಷರ ಕಾಣ್ತಿತ್ತು. ಎನಾಮೆಲ್ ಪೇಂಟು, ಇಪ್ಪತ್ತು ವರ್ಷವಾದರೂ ಹೊಳಪು ಪೂರ್ತಿ ಹೋಗಿಲ್ಲ. ಇನ್ನೊಂದರಲ್ಲಿ 'ರ' ಅಕ್ಷರ ನೋಡಿ, "ಇದು ನಂದಲ್ಲ, ಹುಡುಗ ಬರೆದಿದ್ದು, ನೋಡು ಹೊಟ್ಟೆ ಜೋತುಬಿದ್ದಿದೆ" ಅಂದರು. ಕೆಳಗೆ ಹೆಸರು ಮಾತ್ರ ಅವರದ್ದೇ. ಆ ಹುಡುಗ ಈಗ ಎಲ್ಲಿದ್ದಾನೆ ಅಂದೆ. ಹೊಸಕೋಟೆಯಲ್ಲಿ ಕಾರಿಗೆ ಸ್ಪ್ರೇ ಪೇಂಟ್ ಹೊಡೀತಾನಂತೆ. ಫೋಟೊದ ಕೆಳಗೆ ಅವನ ಹೆಸರನ್ನೂ ಬರೆದುಕೋ ಅಂದರು ಮಾಮ. ಬರೆದುಕೊಂಡಿದ್ದೇನೆ.

ಲೇಪಾಕ್ಷಿಗೆ ಹೊರಡುವವರಿಗೆ ಎರಡು ಮಾತು. ಹಿಂದೂಪುರದ ಕಡೆಗೆ ಬೆಳಗಿನ ರೈಲು ಹಿಡಿಯಿರಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೆಲದಿಂದ ಪುಟಿದ ಬೆಳಕು ಛಾವಣಿಗೆ ಚೆನ್ನಾಗಿ ಸಿಗುತ್ತೆ, ಮಧ್ಯಾಹ್ನ ಹೊರಗಿನ ಝಳಕ್ಕೆ ಒಳಗೆ ಕಣ್ಣೇ ಕಾಣಲ್ಲ. ಫೋನಿನ ಫ್ಲ್ಯಾಶ್ ಬೇಡ. ಫೋಟೊ ತೆಗೆದು ಜೂಮ್ ಮಾಡಿ ನೋಡಿದರೆ ಗೆರೆ ಎಲ್ಲಿ ನಿಂತಿದೆ, ಎಲ್ಲಿ ಹೊರಟಿದೆ ಅನ್ನೋದು ಬರಿಗಣ್ಣಿಗಿಂತ ಚೆನ್ನಾಗಿ ತಿಳಿಯುತ್ತೆ. ಮೊದಲು ಪಾರ್ವತಿಯ ಸಖಿಯರ ಸಾಲಿಗೆ ಹೋಗಿ, ಎಡದಿಂದ ಒಂದೊಂದೇ ಮೂಗು ನೋಡಿ. ಸಾಧ್ಯವಾದರೆ ಒಂದು ಚಾಪೆ ತಗೊಂಡು ಹೋಗಿ ಅಂತಾರೆ ಮಾಮ, ಮಲಗಿ ನೋಡಬೇಕಂತೆ. ಕಾವಲಿನವರು ಕೇಳಿದರೆ ಕತ್ತು ನೋವು ಅನ್ನಿ.